ಬಿಸಿಲು ಬೇಕು, ಮೂಳೆಗೆ, ಗೆಡ್ಡೆಗಲ್ಲ

ಮಿದುಳಿನ ಗೆಡ್ಡೆಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಊರಿಗೆ ಮರಳಿದವರಿಗೆ ನೆಂಟರಿಷ್ಟರ ಸಲಹೆಗಳಿಗೇನೂ ಕೊರತೆಯಿರುವುದಿಲ್ಲ. 'ದಿನಾ ಎಳೆಬಿಸಿಲಿಗೆ ಮೈಯೊಡ್ಡಿ, ಗೆಡ್ಡೆ ಕರಗುತ್ತದೆ' ಎನ್ನುವುದು ಅವುಗಳಲ್ಲೊಂದು. ಬಿಸಿಲಿಗೆ ಹೋಗಬೇಡಿ ಎಂದು ನಾನು ಹೇಳುತ್ತಿಲ್ಲ. ಅದನ್ನೇ ನಂಬಿ ವಿಕಿರಣ ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುತ್ತಾರಲ್ಲ, ಅದಕ್ಕೆ ನನ್ನ ವಿರೋಧ.

ಬಿಸಿಲಿಗೂ ಕ್ಯಾನ್ಸರಿಗೂ ನಂಟಿರಬಹುದೆಂದು 1980ರಲ್ಲಿ ಅಮೆರಿಕದ ಗಾರ್ಲೆಂಡ್ ಸೋದರರು ಬರೆದದ್ದು ದೊಡ್ಡ ಕರುಳಿನ ಕ್ಯಾನ್ಸರಿನ ಬಗ್ಗೆ. ಮುಂದೆ ಅದೇ ದೇಶದಲ್ಲಿ ಸುಮಾರು 26 ಸಾವಿರ ಜನರಲ್ಲಿ ಅರ್ಧದಷ್ಟು ಮಂದಿಗೆ ವಿಟಮಿನ್ ಡಿ, ಉಳಿದವರಿಗೆ ಹುಸಿಮಾತ್ರೆ ಕೊಟ್ಟು ನೋಡಿದರು. 2018ರಲ್ಲಿ ಬಂದ ಫಲಿತಾಂಶದಂತೆ ಕ್ಯಾನ್ಸರ್ ಬರುವುದು ಕಡಿಮೆಯಾಗಲಿಲ್ಲ. 'ಬಿಸಿಲಲ್ಲಿ ಓಡಾಡುವ ರೋಗಿ ಹೆಚ್ಚು ದಿನ ಬದುಕಿದ' ಎನ್ನುವವರೂ ಇದ್ದಾರೆ. ಸ್ವಾಮಿ, ಕೈಕಾಲು ಸ್ವಾಧೀನದಲ್ಲಿದ್ದವನು ತಾನೇ ಅಂಗಳಕ್ಕಿಳಿಯುವುದು! ಚನ್ನರಾಯಪಟ್ಟಣದ ತೆಂಗಿನ ತೋಟ, ಅರಕಲಗೂಡಿನ ಆಲೂಗಡ್ಡೆ ಹೊಲಗಳಲ್ಲಿ ದುಡಿಯುವವರಿಗೆ ಬಿಸಿಲಿನ ಬರವೇನೂ ಇಲ್ಲ. ಈ ಕಾಯಿಲೆ ಅವರನ್ನೂ ಬಿಡುವುದಿಲ್ಲ.

ಮಿದುಳಿನ ಕ್ಯಾನ್ಸರುಗಳಲ್ಲಿ ಅತಿ ಉಗ್ರವಾದದ್ದು ಗ್ಲಯೋಬ್ಲಾಸ್ಟೋಮ. ವಿಕಿರಣದ ಜೊತೆಗೆ ಟೆಮೊಜೊಲೊಮೈಡ್ ಗುಳಿಗೆ ಕೊಟ್ಟಾಗ ಎರಡು ವರ್ಷ ಬದುಕುಳಿದವರು ನೂರಕ್ಕೆ 10ರಿಂದ 26ಕ್ಕೆ ಏರಿದರೆಂದು 2005ರಲ್ಲಿ ಪ್ರಕಟವಾಯಿತು. ದೊಡ್ಡ ಲೆಕ್ಕವಲ್ಲ, ನಿಜ. ಆ ಹದಿನಾರು ಮಂದಿಯ ಮನೆಯವರನ್ನು ಕೇಳಿ ನೋಡಿ.

ಕಷ್ಟವಿರುವುದು ವಾರಕ್ಕೈದು ದಿನದಂತೆ ಆರು ವಾರ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಇರಬೇಕಾದ್ದರಲ್ಲಿ. ಹಾಸನ, ಚನ್ನರಾಯಪಟ್ಟಣಕ್ಕೆ 2017ರಿಂದ ಬೆಂಗಳೂರಿನ ನೇರ ರೈಲುಮಾರ್ಗವಿದೆ. ಅರಕಲಗೂಡಿಗೆ ರೈಲೇ ಇಲ್ಲ. ಹೊಳೆನರಸೀಪುರದ ಕೂಲಿಕಾರ ಕುಟುಂಬವೊಂದು ದುಡಿಮೆ ಬಿಟ್ಟು ಆರು ವಾರ ಪರಸ್ಥಳದಲ್ಲಿ ಕೂರುವುದೆಂದರೆ ಸುಲಭವೇ? 'ಬಿಸಿಲೇ ಸಾಕು' ಎಂಬ ಮಾತು ರುಚಿಸುವುದು ಇಲ್ಲೇ. ಬಿಪಿಎಲ್ ಚೀಟಿಯಿದ್ದವರಿಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ ಸಿಗುತ್ತದೆ. ಚೀಟಿ, ಆಧಾರ್ ಜೊತೆಗಿಟ್ಟುಕೊಂಡೇ ಹೊರಡಿ. ಊಟ, ವಸತಿ, ಕಳೆದುಹೋದ ಕೂಲಿಗೂ ಸರ್ಕಾರ ದಾರಿ ಮಾಡಬೇಕೆಂಬುದು ನನ್ನ ಒತ್ತಾಯ.

ಹಾಗಾದರೆ ಬಿಸಿಲು ಬೇಡವೇ? ಬೇಕು. ಫಿಟ್ಸಿಗೆ ಕೊಡುವ ಫೆನಿಟಾಯಿನ್ ಮಾತ್ರೆ ಶರೀರದ ವಿಟಮಿನ್ ಡಿಯನ್ನು ಕರಗಿಸುತ್ತದೆ. ಮಿದುಳಿನ ಊತಕ್ಕೆ ಕೊಡುವ ಸ್ಟೀರಾಯ್ಡ್ ಮೂಳೆಯನ್ನು ಸವೆಸುತ್ತದೆ. ಎಳೆಬಿಸಿಲಿನಲ್ಲಿ ವಿಟಮಿನ್ ಅಷ್ಟಾಗಿ ತಯಾರಾಗದು. ಹತ್ತು ಗಂಟೆಯ ಮೇಲೆ ಕೈಕಾಲಿಗೆ ಸ್ವಲ್ಪ ಹೊತ್ತು ಬಿಸಿಲು ಬೀಳಲಿ. ಡಿ ಮಾತ್ರೆ ಬೇಕೇ ಎಂದು ವೈದ್ಯರನ್ನು ಕೇಳಿ. ವಿಕಿರಣ ತಾಗಿದ ತಲೆಯ ಚರ್ಮ ಬಲು ನಾಜೂಕು, ಅದಕ್ಕೆ ಹತ್ತಿಬಟ್ಟೆ ಹೊದಿಸಿ. ಫಿಟ್ಸ್ ಬರುವವರನ್ನು ಜಗಲಿಯ ಅಂಚಿನಲ್ಲಿ, ಬಾವಿಕಟ್ಟೆಯ ಮೇಲೆ ಕೂರಿಸಬೇಡಿ. ನೆಲಕ್ಕೆ ಚಾಪೆ ಹಾಸಿ, ಪಕ್ಕದಲ್ಲಿ ಯಾರಾದರೊಬ್ಬರು ಇರಿ.