ಬೋರ್ಡಿಗೊಂದು ಕಾರ್ಡ್ ಯಾಕೆ?

ದಢೇಸುಗೂರಿನಿಂದ ಕಾಕಾ ಫೋನ್ ಮಾಡಿದ್ರು: "ತಮ್ಮಾ, ನೀ ಕೂಡ್ರಿಸಿದ ಪೆಟ್ಟಿಗಿ ಕಣ್ಣೇ ಬಿಡವಲ್ದು." ನೆಲ್ಲಿನ ಗದ್ದೆಯಲ್ಲಿ ನೀರು ಎಷ್ಟು ನಿಂತಿದೆ ಅಂತ ಮೊಬೈಲಿಗೆ ತಿಳಿಸುವ ಪುಟ್ಟ ಲಿನಕ್ಸ್ ಬೋರ್ಡು ಅದು. ಸುಟ್ಟುಹೋಗಿತ್ತು. ಆ ಮಾಡೆಲ್ ಈಗ ಸಿಗಲ್ಲ. ಬೇರೆ ಬೋರ್ಡ್ ತಂದು ಅದೇ ಎಸ್‌ಡಿ ಕಾರ್ಡ್ ಹಾಕಿದೆ. ಎರಡರಲ್ಲೂ 64 ಬಿಟ್ ಆರ್ಮ್ ಪ್ರೊಸೆಸರೇ. ಬೂಟ್ ಆಗಲಿಲ್ಲ!

ಸಿಂಧನೂರಿನ ಕಂಪ್ಯೂಟರ್ ಅಂಗಡಿಗೆ ಹೋಗಿ ನೋಡಿ. ಯಾವ ಕಂಪನಿಯ ಪಿಸಿ ಕೊಟ್ಟರೂ ಒಂದೇ ಪೆನ್‌ಡ್ರೈವಿನಿಂದ ಲಿನಕ್ಸ್ ಹಾಕಿಕೊಡ್ತಾರೆ. 1981ರ ಐಬಿಎಂ ಪಿಸಿಯ ಬಯೋಸ್‌ನಿಂದ ಇಂದಿನ ಯುಇಎಫ್‌ಐ ತನಕ, ಓಎಸ್ ಎಬ್ಬಿಸೋಕೆ ಅಲ್ಲೊಂದು ಒಪ್ಪಿತ ಕ್ರಮ ಇದೆ. ಬಹಳಷ್ಟು ಬೋರ್ಡ್ ಕಂಪನಿಗಳು ಮಾತ್ರ ತಮ್ಮದೇ ಬೂಟ್‌ಲೋಡರ್, ತಮ್ಮದೇ ಕರ್ನಲ್, ತಮ್ಮದೇ ಇಮೇಜ್ ಕೊಟ್ಟು ಕೈ ತೊಳೆದುಕೊಳ್ತವೆ. ಆಮೇಲೆ ಅಪ್‌ಡೇಟ್ ಇಲ್ಲ, ಸೆಕ್ಯುರಿಟಿ ಇಲ್ಲ.

ದಾರಿ ಇಲ್ಲವಾ? ಇದೆ. ಇಬಿಬಿಆರ್ ಎಂಬ ನಿಯಮಾವಳಿ ಪ್ರಕಾರ ಬೋರ್ಡ್ ಕೂಡ ಯುಇಎಫ್‌ಐ ರೀತಿಯಲ್ಲೇ ಓಎಸ್ ಎಬ್ಬಿಸಬೇಕು. ತನ್ನಲ್ಲಿ ಏನೇನಿದೆ ಅನ್ನೋ ಪಟ್ಟಿಯನ್ನು, ಅಂದರೆ ಡಿವೈಸ್ ಟ್ರೀಯನ್ನು, ಫರ್ಮ್‌ವೇರೇ ಒಪ್ಪಿಸಬೇಕು. "ಚಿಕ್ಕ ಬೋರ್ಡಿಗೆ ಇದು ಭಾರ" ಅನ್ನೋರಿಗೆ ಒಂದೇ ಮಾತು: ಅವರೇ ಬಳಸುವ ಯು-ಬೂಟ್‌ಗೆ ಇದು ಆಗಲೇ ಬರುತ್ತೆ. ಡ್ರೈವರ್‌ಗಳನ್ನು ಮೂಲ ಕರ್ನಲ್‌ಗೆ ಸೇರಿಸೋದು ಬೇರೆ ಕೆಲಸ, ನಿಜ. ಅದನ್ನೂ ಮಾಡಲಿ; ಬೋರ್ಡ್ ಮಾರೋರು ಅವರೇ ತಾನೇ?

ಬೆಂಗಳೂರಲ್ಲಿ ಕೂತು ಬೋರ್ಡ್ ಆರಿಸುವ ಗೆಳೆಯರೇ, ಖರೀದಿ ಆರ್ಡರಿನಲ್ಲಿ ಒಂದು ಸಾಲು ಸೇರಿಸಿ: ಡೆಬಿಯನ್‌ನ ಸಾಮಾನ್ಯ ಇಮೇಜ್ ಬೂಟ್ ಆಗದಿದ್ದರೆ ಮಾಲು ವಾಪಸ್. ಕಾಕಾನ ಪೆಟ್ಟಿಗೆ ಸಿಂಧನೂರಲ್ಲೇ ರಿಪೇರಿ ಆಗಬೇಕು. ಅದಕ್ಕೆ ನಾನು ರಾತ್ರಿ ಬಸ್ ಹತ್ತಬೇಕಾದರೆ, ಅದೆಂಥ ತಂತ್ರಜ್ಞಾನ?