ಗೋಪಾಚಲದ ಬಿಂಬಗಳು: ಕಡೆಸಿದವರ ಹೆಸರೆಲ್ಲಿ?

ಗ್ವಾಲಿಯರ್ ಕೋಟೆಯ ಜಿನಬಿಂಬಗಳ ಮಾತು ಬಂದಾಗಲೆಲ್ಲ ನಮ್ಮ ಪ್ರವಚನಗಳಲ್ಲಿಯೂ ಯಾತ್ರಾ ಕೈಪಿಡಿಗಳಲ್ಲಿಯೂ ಎರಡೇ ಸಂಗತಿಗಳು ಕೇಳಬರುತ್ತವೆ. ಬಾಬರನು ಅವುಗಳನ್ನು ಭಗ್ನಗೊಳಿಸಿದನೆಂಬುದು ಒಂದು. ಪಾರ್ಶ್ವನಾಥ ಸ್ವಾಮಿಯ ಬೃಹದ್ಬಿಂಬದ ಮುಂದೆ ಅವನ ಸೈನಿಕರ ಕೈ ಸಾಗದೆ ಅವರು ಹಿಮ್ಮೆಟ್ಟಿದರೆಂಬುದು ಇನ್ನೊಂದು. ಮೊದಲನೆಯದು ಇತಿಹಾಸ, ಎರಡನೆಯದು ದಂತಕಥೆ. ಇವೆರಡನ್ನು ಹೇಳಿ ಮುಗಿಸುವವರು ಆ ಬಿಂಬಗಳನ್ನು ಕಡೆಸಿದವರು ಯಾರೆಂಬುದನ್ನು ಮಾತ್ರ ಹೇಳುವುದಿಲ್ಲ. ಒಡೆದವನ ಹೆಸರನ್ನು ನಮ್ಮ ಮಕ್ಕಳೂ ಬಲ್ಲರು; ಕಡೆಸಿದವರ ಹೆಸರನ್ನು ಹಿರಿಯರೂ ಅರಿಯರು. ಇದನ್ನು ಸಣ್ಣ ಮರೆವೆಂದು ಕ್ಷಮಿಸಲು ನನ್ನಿಂದಾಗದು.

ಗೋಪಾಚಲವೆಂಬುದು ಗ್ವಾಲಿಯರ್ ಗುಡ್ಡದ ಹಳೆಯ ಹೆಸರು. ಅದರ ಮರಳುಗಲ್ಲಿನ ಕಡಿದಾದ ಮೈಯಲ್ಲಿ, ಕೋಟೆಯ ಗೋಡೆಗಳ ಕೆಳಗೆ, ಗುಹೆಗಳನ್ನೂ ಗೂಡುಗಳನ್ನೂ ಕೊರೆದು ತೀರ್ಥಂಕರರ ಬಿಂಬಗಳನ್ನು ಐದು ಗುಂಪುಗಳಲ್ಲಿ ಕಡೆದಿದ್ದಾರೆ. ಉರ್ವಾಹಿ ಕಣಿವೆಯಲ್ಲಿ ನಿಂತಿರುವ ಆದಿನಾಥ ಸ್ವಾಮಿಯ ಎತ್ತರ 57 ಅಡಿ. ಆಗ್ನೇಯದ ಗುಂಪಿನಲ್ಲಿ ಪದ್ಮಾಸನದಲ್ಲಿ ಕುಳಿತ ಪಾರ್ಶ್ವನಾಥ ಸ್ವಾಮಿ 40 ಅಡಿಗೂ ಮಿಕ್ಕವನು. ಇವುಗಳಲ್ಲಿ ಬಹುಪಾಲು ತೋಮರ ಅರಸರಾದ ಡುಂಗರಸಿಂಹ ಮತ್ತು ಅವನ ಮಗ ಕೀರ್ತಿಸಿಂಹರ ಆಳ್ವಿಕೆಯಲ್ಲಿ, ಸುಮಾರು 1440ರಿಂದ 1474ರವರೆಗೆ, ಕೇವಲ ಮೂರು ದಶಕಗಳ ಅವಧಿಯಲ್ಲಿ ಮೂಡಿದವು.

ಅರಸರು ಅನುಮತಿಯನ್ನಿತ್ತರು, ಹಣವನ್ನು ಶ್ರಾವಕರು ತೆತ್ತರು. ಅಪಭ್ರಂಶ ಕವಿ ರಯಿಧೂ ಈ ಊರಿನಲ್ಲಿಯೇ ಇದ್ದು ತನ್ನ ಕೃತಿಗಳಲ್ಲಿ ಇಲ್ಲಿಯ ಅಗ್ರವಾಲ ವರ್ತಕ ಮನೆತನಗಳನ್ನು ಹೆಸರಿಟ್ಟು ಸ್ಮರಿಸಿದ್ದಾನೆ. ಅರಸನ ಅನುಮತಿ ಪಡೆದು ಆದಿನಾಥನ ಬಿಂಬವನ್ನು ಮಾಡಿಸಿದ ಕಮಲಸಿಂಹನ ವೃತ್ತಾಂತ ನಮಗೆ ದೊರೆಯುವುದು ಅವನಿಂದಲೇ. ಉರ್ವಾಹಿಯ ಒಂದು ಆದಿನಾಥ ಬಿಂಬದಲ್ಲಿ ಸಂವತ್ 1497ರ, ಅಂದರೆ ಕ್ರಿ.ಶ. 1440ರ, ಶಾಸನವಿದೆ. ಅದರಲ್ಲಿ ಡುಂಗರಸಿಂಹನ ಆಳ್ವಿಕೆ, ಕಾಷ್ಠಾಸಂಘದ ಮಾಥುರಾನ್ವಯದ ಭಟ್ಟಾರಕರಾದ ಗುಣಕೀರ್ತಿ ಯಶಃಕೀರ್ತಿಗಳು, ಪ್ರತಿಷ್ಠಾಚಾರ್ಯನಾಗಿ ಪಂಡಿತ ರಯಿಧೂ, ಎಲ್ಲರೂ ಇದ್ದಾರೆ. ಕಾವ್ಯ ಬರೆದ ಕೈಯೇ ಕಲ್ಲಿಗೂ ಮಂತ್ರನ್ಯಾಸ ಮಾಡಿತು. ಇಂತಹ ಇನ್ನೊಬ್ಬ ಕವಿಯನ್ನು ನಾನು ಕಾಣೆ.

ಕೋಟೆಯ ವಿಷಯವನ್ನೂ ಮರೆಮಾಚಬಾರದು. ದೆಹಲಿ, ಮಾಳವ, ಜೌನ್‌ಪುರಗಳ ಸುಲ್ತಾನರ ನಡುವೆ ಸಿಕ್ಕಿದ್ದ ತೋಮರರಿಗೆ ಯುದ್ಧ ನಿತ್ಯದ ಮಾತಾಗಿತ್ತು. ಅಹಿಂಸೆಯ ಮೂರ್ತಿಗಳು ಕತ್ತಿಯ ಆಶ್ರಯದಲ್ಲಿ ಮೂಡಿದವು. ಕತ್ತಿ ಕೈ ಬದಲಾಯಿಸಿದೊಡನೆ ಆ ಆಶ್ರಯವೂ ಹೋಯಿತು. ಇಬ್ರಾಹಿಂ ಲೋದಿಯ ಸೇನೆ ಕೋಟೆಯನ್ನು ಗೆದ್ದಿತು. ಕೋಟೆ ಕಳೆದುಕೊಂಡ ವಿಕ್ರಮಾದಿತ್ಯ ತೋಮರನು 1526ರ ಪಾಣಿಪತ್ತಿನಲ್ಲಿ ಅದೇ ಲೋದಿಯ ಪಕ್ಷದಲ್ಲಿ ಕಾದಿ ಮಡಿದನು. ಮುಂದೆ ಮೊಗಲರು ಇದನ್ನು ರಾಜಬಂದಿಗಳ ಸೆರೆಮನೆಯಾಗಿಸಿದರು. ಔರಂಗಜೇಬನ ಸೋದರ ಮುರಾದನ ವಧೆಯಾದದ್ದು ಇಲ್ಲಿಯೇ, 1661ರಲ್ಲಿ. ಕೋಟೆ ಧರ್ಮವನ್ನು ಕಾಯುತ್ತದೆಂದು ನಂಬುವವರು ಈ ಗುಡ್ಡವನ್ನೊಮ್ಮೆ ಸುತ್ತಿ ಬರಲಿ.

ಬಾಬರನು 1528ರ ಸೆಪ್ಟೆಂಬರಿನಲ್ಲಿ ಇಲ್ಲಿಗೆ ಬಂದನು. ಉರ್ವಾಹಿ ತಾಣವು ಚೆನ್ನಾಗಿದೆ, ಸುತ್ತಲಿನ ವಿಗ್ರಹಗಳೇ ಅದರ ದೋಷ, ಅವನ್ನು ಕೆಡವಲು ಅಪ್ಪಣೆ ಮಾಡಿದೆ ಎಂದು ತನ್ನ ಆತ್ಮಚರಿತ್ರೆಯಲ್ಲಿ ತಾನೇ ಒಪ್ಪಿದ್ದಾನೆ. ಈ ಕೃತ್ಯಕ್ಕೆ ಸಮರ್ಥನೆಯಿಲ್ಲ. ಆದರೆ ಅಪ್ಪಣೆ ಪೂರ್ಣವಾಗಿ ನಡೆಯಲಿಲ್ಲ. ಮುಖಗಳೂ ಅವಯವಗಳೂ ಒಡೆದವು, ದೇಹಗಳು ಉಳಿದವು. ಮುಂದೆ ಅಲ್ಲಿಯ ಶ್ರಾವಕರು ಎಷ್ಟೋ ಮುಖಗಳನ್ನು ಗಾರೆಯಿಂದ ಮಾಡಿಸಿದರು. ಹಲವು ಶಾಸನಗಳೂ ಉಳಿದವು. ಹತ್ತೊಂಬತ್ತನೆಯ ಶತಮಾನದಲ್ಲಿ ಕನ್ನಿಂಗ್‌ಹ್ಯಾಮ್ ಈ ಬಿಂಬಗಳ ಕಾಲವನ್ನು ನಿರ್ಣಯಿಸಿದ್ದು ಅವುಗಳ ನೆರವಿನಿಂದಲೇ.

ಇನ್ನು ಪವಾಡದ ಕಥೆ. ಪಾರ್ಶ್ವನಾಥ ಬಿಂಬವು ಮಹಿಮೆಯಿಂದ ಉಳಿಯಿತೆಂದರೆ, ಮುಖ ಕಳೆದುಕೊಂಡ ನೂರಾರು ಬಿಂಬಗಳಿಗೆ ಮಹಿಮೆ ಇರಲಿಲ್ಲವೆ? ಯಕ್ಷಯಕ್ಷಿಯರು ಕಾಪಾಡಿದರೆಂದು ಕೆಲವರು ಉತ್ತರಿಸಬಹುದು. ಹಾಗಾದರೆ ಆದಿನಾಥನ ಗೋಮುಖ ಯಕ್ಷನು ಅಂದು ಎಲ್ಲಿದ್ದನು? ರಾಗವನ್ನೂ ದ್ವೇಷವನ್ನೂ ಗೆದ್ದವನನ್ನು ಸೈನಿಕರನ್ನು ಓಡಿಸುವ ಕಾವಲುಗಾರನಾಗಿಸುವುದು ದೇವಮೂಢತೆ. ಅದನ್ನು ಮಿಥ್ಯಾತ್ವದ ಪಟ್ಟಿಯಲ್ಲಿ ಓದಿದವರೇ ಪೀಠದ ಮೇಲೆ ಕುಳಿತು ಹೇಳುತ್ತಿರುವುದು ಸೋಜಿಗ. ಬಾಬರನ ಹೆಸರು ಹೇಳಿ ಇಂದಿನ ನೆರೆಹೊರೆಯವರ ಮೇಲೆ ಸಭಿಕರ ಕ್ರೋಧವನ್ನು ಕೆರಳಿಸುವವರೂ ಇದ್ದಾರೆ. ಕ್ರೋಧವು ಕಷಾಯಗಳಲ್ಲಿ ಮೊದಲನೆಯದೆಂಬುದನ್ನು ಅವರಿಗೆ ಯಾರು ನೆನಪಿಸಬೇಕು?

ನಮ್ಮ ಕಡೆಯ ಸ್ಥಿತಿಯನ್ನು ನೋಡೋಣ. ಬಾದಾಮಿಯಲ್ಲಿಯೂ ಕೋಟೆಯ ಗುಡ್ಡದಲ್ಲಿ ಜೈನ ಗುಹೆಯಿದೆ, ನಾಲ್ಕನೆಯದು. ಅಲ್ಲಿಯ ಮಹಾವೀರ ಬಿಂಬದ ಪೀಠದಲ್ಲಿ ಹನ್ನೆರಡನೆಯ ಶತಮಾನದ ಕನ್ನಡ ಬರಹವೊಂದು ಜಕ್ಕವ್ವೆಯೆಂಬ ಶ್ರಾವಿಕೆಯ ಮರಣವನ್ನು ದಾಖಲಿಸಿದೆ. ಆ ಹೆಣ್ಣಿನ ಹೆಸರು ನಮಗೆ ತಿಳಿದಿರುವುದು ಆ ಪೀಠದ ಮೇಲೆ ಯಾರೂ ಗ್ರಾನೈಟ್ ಹಾಸಲಿಲ್ಲವಾದ್ದರಿಂದ. ಟ್ರಸ್ಟುಗಳ ಆಡಳಿತದಲ್ಲಿರುವ ಊರೂರ ಬಸದಿಗಳಲ್ಲಿ ಹೀಗಿದೆಯೆ? ಜೀರ್ಣೋದ್ಧಾರವೆಂದೊಡನೆ ಪಾದಪೀಠಕ್ಕೆ ಸಿಮೆಂಟು, ನೆಲಕ್ಕೆ ಹೊಳೆಯುವ ಹಾಸು, ಕಂಬಗಳಿಗೆ ಎಣ್ಣೆಬಣ್ಣ, ನಿಷಿಧಿಕಲ್ಲು ಮೆಟ್ಟಿಲಾಗುತ್ತದೆ. ಹೊಸ ದಾನಿಗಳ ಅಮೃತಶಿಲೆಯ ಫಲಕವು ಬಾಗಿಲಲ್ಲಿಯೇ ಕಾಣಿಸುತ್ತದೆ, ಹಳೆಯ ದಾನಿಯ ಹೆಸರು ಗಾರೆಯ ಕೆಳಗೆ ಹೋಗುತ್ತದೆ. ಬಾಬರನ ಆಳುಗಳಿಂದಲೂ ಪಾರಾದ ಅಕ್ಷರಗಳು ನಮ್ಮ ಗುತ್ತಿಗೆದಾರರಿಂದ ಪಾರಾಗುವುದಿಲ್ಲ.

ಆದುದರಿಂದ ಆಡಳಿತ ಮಂಡಳಿಗಳ ಮುಂದೆ ನನ್ನ ಬೇಡಿಕೆ ಇಷ್ಟೇ. ಮುಂದಿನ ಸಭೆಯಲ್ಲಿ ಜೀರ್ಣೋದ್ಧಾರದ ಅಂದಾಜುಪಟ್ಟಿಯನ್ನು ಮಂಜೂರು ಮಾಡುವ ಮೊದಲು ಬಸದಿಯ ಪ್ರತಿಯೊಂದು ಬರಹದ ಪಡಿಯಚ್ಚು ತೆಗೆಸಿ, ಓದಬಲ್ಲವರಿಂದ ಓದಿಸಿ, ಅದರಲ್ಲಿರುವ ಹೆಸರುಗಳನ್ನು ಹೊಸ ಫಲಕದಲ್ಲಿ ಎಲ್ಲಕ್ಕೂ ಮೇಲೆ ಕೆತ್ತಿಸಿರಿ. ಒಂದು ಪೀಠಶಾಸನದ ಪಡಿಯಚ್ಚಿಗೆ ಬೇಕಾದುದು ಒದ್ದೆ ಮಾಡಿದ ಕಾಗದ, ಒಂದು ಕುಂಚ, ಸ್ವಲ್ಪ ಮಸಿ, ಬಲ್ಲವರ ಅರ್ಧ ದಿನದ ದುಡಿಮೆ.