ಪಕ್ಕದ ಹೊಲ ನೋಡಿ ಸುಮ್ಮನೆ ಬರಬೇಡಿ, ಒಂದು ಮಾತು ಹೇಳಿ ಬನ್ನಿ



ನಮ್ಮ ಸಿರುಗುಪ್ಪ, ಕುರುಗೋಡು ಕಡೆ ಒಂದು ರೂಢಿ ಇದೆ. ಬೈಕ್ ಮೇಲೆ ಹೋಗುವಾಗ ಯಾರದಾದರೂ ಮೆಣಸಿನಕಾಯಿ ಹೊಲ ಚೆನ್ನಾಗಿ ಕಂಡರೆ ಗಾಡಿ ನಿಲ್ಲಿಸ್ತೀವಿ. ಬದುವಿನ ಮೇಲೆ ನಿಂತು ನೋಡ್ತೀವಿ, ಮೊಬೈಲ್‌ನಲ್ಲಿ ಒಂದು ಫೋಟೊ ಹೊಡ್ಕೊಂಡು ಹೊರಡ್ತೀವಿ. ಬೆಳೆ ಕೆಟ್ಟಿದ್ದರೆ ಇನ್ನೂ ಬೇಗ ಹೊರಡ್ತೀವಿ. ಆಮೇಲೆ ಹೋಟೆಲ್ ಬೆಂಚಿನ ಮೇಲೆ ಕೂತು, "ಅವನ ಹೊಲ ಹೋಯ್ತು ಬಿಡಪ್ಪ" ಅಂತೀವಿ. ಊರಿಗೆಲ್ಲ ಹೇಳ್ತೀವಿ, ಆ ಹೊಲದ ಒಡೆಯನಿಗೆ ಮಾತ್ರ ಹೇಳೋದಿಲ್ಲ.

ಇದು ಸಣ್ಣ ವಿಷಯ ಅಂತ ನಿಮಗೆ ಅನ್ನಿಸಬಹುದು. ನನಗೆ ಹಾಗೆ ಅನ್ನಿಸೋದಿಲ್ಲ. ಬೇರೆಯವರ ಹೊಲ ನೋಡಿದ ಮೇಲೆ, ಬೇರೆಯವರ ಅನುಭವ ಕೇಳಿದ ಮೇಲೆ, ಅವರಿಗೆ ನಮ್ಮ ಕಡೆಯಿಂದ ಒಂದು ಮಾತು ತಲುಪಿಸೋದೂ ಬೇಸಾಯದ ಕೆಲಸವೇ. ಅದನ್ನು ಮಾಡದೆ ಇರೋದರಿಂದ ಪ್ರತಿ ವರ್ಷ ನಮ್ಮ ಜೇಬಿನಿಂದ ದುಡ್ಡು ಹೋಗ್ತಾ ಇದೆ.

ಯಾರೂ ಹೇಳದೆ ಇದ್ದಾಗ ಏನಾಯ್ತು

2021ರ ಹಂಗಾಮು ನೆನಪಿದೆಯಲ್ಲ? ಕಪ್ಪು ಥ್ರಿಪ್ಸ್ ಬಂದ ವರ್ಷ. ಈ ಕೀಟ ನಮ್ಮ ದೇಶದಲ್ಲಿ ಮೊದಲು ಕಂಡದ್ದು 2015ರಲ್ಲಿ, ಬೆಂಗಳೂರಿನ ಪಪ್ಪಾಯಿ ಗಿಡದ ಮೇಲೆ. ಆರು ವರ್ಷ ಕಳೆದ ಮೇಲೆ ಆಂಧ್ರ, ತೆಲಂಗಾಣ, ಕರ್ನಾಟಕದ ಮೆಣಸಿನಕಾಯಿ ಹೊಲಗಳಿಗೆ ಒಟ್ಟಿಗೇ ನುಗ್ಗಿತು. ನಮಗೆ ಗೊತ್ತಿದ್ದ ಥ್ರಿಪ್ಸ್ ಎಲೆ ಮುಟುರು ಮಾಡ್ತಿತ್ತು. ಇದು ಹೂವಿನ ಒಳಗೇ ಕೂರ್ತಿತ್ತು. ಹೂವು ಉದುರಿದರೆ ಕಾಯಿ ಎಲ್ಲಿಂದ ಬರಬೇಕು?

ಆಗ ಎಲ್ಲರೂ ಮಾಡಿದ್ದು ಒಂದೇ ಕೆಲಸ. ಗೊಬ್ಬರದ ಅಂಗಡಿಗೆ ಹೋಗೋದು, ಕೊಟ್ಟ ಎಣ್ಣೆ ತರೋದು, ಹೊಡೆಯೋದು. ಕೇಳಲಿಲ್ಲ ಅಂದರೆ ಇನ್ನೂ ದುಬಾರಿ ಎಣ್ಣೆ. ಮೇಲಿಂದ ಮೇಲೆ ಹೊಡೆದಷ್ಟೂ ಥ್ರಿಪ್ಸ್ ತಿನ್ನುವ ಒಳ್ಳೆಯ ಕೀಟಗಳು ಸತ್ತವು, ಥ್ರಿಪ್ಸ್ ಮತ್ತೆ ಬಂತು.

ಆ ದಿನಗಳಲ್ಲಿ ಸಿರುಗುಪ್ಪ ಕಡೆಯ ಹಿರಿಯರೊಬ್ಬರು ಯಾವುದೋ ಕೆಲಸಕ್ಕೆ ಕುರುಗೋಡಿಗೆ ಬಂದವರು ನಮ್ಮ ಹೊಲದ ಹತ್ತಿರ ಗಾಡಿ ನಿಲ್ಲಿಸಿದರು. ನನಗೆ ಅವರ ಪರಿಚಯ ಇರಲಿಲ್ಲ. ನಾಲ್ಕು ಹೂವು ಕಿತ್ತು, ಜೇಬಿನಲ್ಲಿದ್ದ ಬಿಳಿ ಚೀಟಿಯ ಮೇಲೆ ಕೊಡವಿ ತೋರಿಸಿದರು. ಕಪ್ಪು ಹುಳ ಹರಿದಾಡ್ತಿದ್ದವು. "ತಮ್ಮಾ, ನಾನು ಆರು ಸಲ ಎಣ್ಣಿ ಹೊಡ್ದೀನಿ. ಮೂರು ದಿನ ಕಡಿಮಿ ಆಕ್ಕಾವು, ನಾಕನೇ ದಿನ ಮತ್ತ ಅಷ್ಟೇ. ನೀನು ರೊಕ್ಕ ಹಾಕೂಕಿಂತ ಮೊದ್ಲು ಹೂ ಕೊಡವಿ ಎಣಿಸು" ಅಂದರು. ಐದು ನಿಮಿಷದ ಮಾತು. ಆ ವರ್ಷ ಎಲ್ಲರ ಹಾಗೆ ನನಗೂ ಇಳುವರಿ ಬಿತ್ತು. ಆದರೆ ಸಾಲ ಅಷ್ಟು ಬೆಳೆಯಲಿಲ್ಲ. ನೀಲಿ ಅಂಟು ಬಲೆ, ಬೇವಿನ ಎಣ್ಣೆ, ಕೆಟ್ಟ ಗಿಡ ಕಿತ್ತು ನಾಶ ಮಾಡೋದು, ಎಣಿಸಿ ನೋಡಿ ಅಗತ್ಯ ಇದ್ದರೆ ಮಾತ್ರ ಔಷಧ, ಇಷ್ಟರಲ್ಲೇ ಹಂಗಾಮು ಮುಗಿಸಿದೆ.

ಆ ಹಿರಿಯರ ಮಾತಿನಲ್ಲಿ ನನಗೆ ದೊಡ್ಡದಾಗಿ ಕಂಡದ್ದು "ಆರು ಸಲ ಹೊಡೆದೆ, ಕೇಳಲಿಲ್ಲ" ಅನ್ನೋದು. ಗೆದ್ದದ್ದನ್ನು ಎಲ್ಲರೂ ಹೇಳ್ತಾರೆ. ಕೇಳದೆ ಹೋದದ್ದನ್ನು ನಾಚಿಕೆಯಿಂದ ಮುಚ್ಚಿಡ್ತೀವಿ. ಹಾಗಾಗಿ ಪಕ್ಕದವನೂ ಅದೇ ಡಬ್ಬಿ ತರ್ತಾನೆ, ಅವನ ಪಕ್ಕದವನೂ ತರ್ತಾನೆ.

ಮಾತಿಗೆ ಮಾತು ಸೇರಿದರೆ ಮಾತ್ರ ಕಲಿಕೆ

ಇದು ನನ್ನೊಬ್ಬನ ಅನುಭವ ಅಲ್ಲ. ಇಂಡೋನೇಷ್ಯಾದ ಭತ್ತದ ರೈತರು ಕಂದು ಜಿಗಿಹುಳುವಿನಿಂದ ಹೈರಾಣಾಗಿದ್ದರು. ಅದೇ ಹುಳು ನಮ್ಮ ತುಂಗಭದ್ರಾ ಕಾಲುವೆ ಕೆಳಗಿನ ಸೋನಾ ಮಸೂರಿ ಗದ್ದೆಗಳಲ್ಲೂ ಸುಟ್ಟ ಹಾಗೆ ದುಂಡಗೆ ಒಣಗಿಸುತ್ತದೆ. ಎಣ್ಣೆ ಹೆಚ್ಚಾದಷ್ಟೂ ಜೇಡ ಮತ್ತಿತರ ಮಿತ್ರ ಕೀಟಗಳು ಸತ್ತು ಹುಳುವೇ ಹೆಚ್ಚಿತು. 1986ರಲ್ಲಿ ಅಲ್ಲಿನ ಸರ್ಕಾರ ಭತ್ತಕ್ಕೆ 57 ಕೀಟನಾಶಕಗಳನ್ನು ನಿಷೇಧಿಸಿತು. 1989ರಲ್ಲಿ ರೈತ ಕ್ಷೇತ್ರ ಪಾಠಶಾಲೆ ಶುರುವಾಯ್ತು. ಅಲ್ಲಿ ಭಾಷಣ ಇಲ್ಲ. ರೈತರು ಗುಂಪಾಗಿ ವಾರಕ್ಕೊಮ್ಮೆ ಗದ್ದೆಗೆ ಇಳಿಯಬೇಕು, ಕಂಡದ್ದನ್ನು ಎಣಿಸಬೇಕು, ಹಾಳೆಯ ಮೇಲೆ ಚಿತ್ರ ಬರೆದು ಉಳಿದವರ ಮುಂದೆ ಇಡಬೇಕು. ಉಳಿದವರು ಪ್ರಶ್ನೆ ಕೇಳಬೇಕು. ಆಮೇಲೆ ಎಲ್ಲ ಸೇರಿ ಏನು ಮಾಡಬೇಕು ಅಂತ ತೀರ್ಮಾನ. ಈ ಪದ್ಧತಿ ಮುಂದೆ ನಮ್ಮ ದೇಶಕ್ಕೂ ಬಂತು.

ನಮ್ಮ ರಾಜ್ಯದಲ್ಲೇ ಇನ್ನೊಂದು ಉದಾಹರಣೆ ಇದೆ. 2006ರ ಸುಮಾರಿಗೆ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದಲ್ಲಿ 'ಡಿಜಿಟಲ್ ಗ್ರೀನ್' ಅನ್ನುವ ಪ್ರಯೋಗ ಶುರುವಾಯ್ತು. ಹಳ್ಳಿಯ ರೈತರದೇ ವಿಡಿಯೊ ಮಾಡಿ ಅಕ್ಕಪಕ್ಕದ ಹಳ್ಳಿಯವರಿಗೆ ತೋರಿಸೋದು. ಆದರೆ ವಿಡಿಯೊ ಹಾಕಿ ಸುಮ್ಮನೆ ಕೂರುವ ಹಾಗಿಲ್ಲ. ಊರಿನವರೇ ಒಬ್ಬರು ನಡುನಡುವೆ ನಿಲ್ಲಿಸಿ, "ಇದು ನಮ್ಮ ಹೊಲಕ್ಕೆ ಆಗ್ತದೇನು? ಯಾರು ಮಾಡಿ ನೋಡ್ತೀರಿ?" ಅಂತ ಮಾತಿಗೆ ಎಳೆಯಬೇಕು. 16 ಹಳ್ಳಿಗಳಲ್ಲಿ 13 ತಿಂಗಳು ನಡೆದ ಆ ಪರೀಕ್ಷೆಯಲ್ಲಿ, ಹಳೆಯ ವಿಸ್ತರಣಾ ಪದ್ಧತಿಗಿಂತ ಏಳು ಪಟ್ಟು ಹೆಚ್ಚಾಗಿ ಕೆಲವು ಕ್ರಮಗಳನ್ನು ರೈತರು ತಮ್ಮ ಹೊಲದಲ್ಲಿ ಅಳವಡಿಸಿಕೊಂಡರು. ಈಗ ನಮ್ಮ ಮೊಬೈಲ್‌ನಲ್ಲಿ ದಿನಕ್ಕೆ ಹತ್ತು ಕೃಷಿ ವಿಡಿಯೊ ಓಡ್ತವೆ. ಎಷ್ಟು ಹೊಲಕ್ಕೆ ಇಳೀತವೆ, ನೀವೇ ಹೇಳಿ. ನೋಡೋದು ಇದೆ, ಮಾತು ಇಲ್ಲ.

ಅದಕ್ಕೂ ಮೊದಲು, 1988ರಲ್ಲಿ ಪುತ್ತೂರಿನಲ್ಲಿ 'ಅಡಿಕೆ ಪತ್ರಿಕೆ' ಶುರುವಾಯ್ತು. ಶ್ರೀ ಪಡ್ರೆಯವರು ಮತ್ತು ಗೆಳೆಯರು 'ಕೃಷಿಕರ ಕೈಗೆ ಲೇಖನಿ' ಅಂತ ಹೇಳಿ, ರೈತರ ಅನುಭವವನ್ನು ರೈತರಿಂದಲೇ ಬರೆಸಿದರು. ಅಡಿಕೆ ತೋಟಕ್ಕೂ ನಮ್ಮ ಎರೆಹೊಲಕ್ಕೂ ಬಹಳ ದೂರ. ಆದರೆ ಅಲ್ಲಿ ನಾವು ಕಲಿಯೋದಿದೆ: ರೈತ ಕೇಳುವವನು ಮಾತ್ರ ಅಲ್ಲ, ಹೇಳುವವನೂ ಹೌದು.

ಹೇಳಿದವನಿಗೆ ಏನು ಲಾಭ?

ಇದೇ ಪ್ರಶ್ನೆಯನ್ನು ಬಳ್ಳಾರಿ ಎಪಿಎಂಸಿಯಲ್ಲಿ ಒಬ್ಬ ಗೆಳೆಯ ನನಗೆ ಕೇಳಿದ. "ನಾ ಹೇಳಿದ್ರ ಅವನ ಬೆಳಿ ಚಲೋ ಆಕ್ಕತಿ. ನನಗೇನ್ ಬಂತು?" ಅಂತ.

ಮೊದಲನೆಯದು, ಹುಳುವಿಗೆ ಬದು ಗೊತ್ತಿಲ್ಲ. ಪಕ್ಕದವನ ಗದ್ದೆಯಲ್ಲಿ ಜಿಗಿಹುಳು ಬಿದ್ದದ್ದು ನಿಮಗೆ ಕಂಡು, ಅವನಿಗೆ ಹೇಳದೆ ಬಂದರೆ ನಾಳೆ ಅದು ನಿಮ್ಮ ಗದ್ದೆಯಲ್ಲಿ ಇರ್ತದೆ. "ಬುಡ ಬಾಗಿಸಿ ನೀರಿನ ಮಟ್ಟದ ಹತ್ತಿರ ನೋಡು, ನೀರು ಬಸಿ, ಯೂರಿಯಾ ನಿಲ್ಲಿಸು" ಅಂತ ಒಂದು ಮಾತು ಹೇಳಿದರೆ ಉಳಿಯೋದು ಎರಡು ಗದ್ದೆ.

ಎರಡನೆಯದು, ಹೇಳಬೇಕು ಅಂದರೆ ಸರಿಯಾಗಿ ನೋಡಬೇಕು. ಬೇರೆಯವರ ಹೊಲದಲ್ಲಿ ಎಲೆ ತಿರುಗಿಸಿ ನೋಡಿ ಅಭ್ಯಾಸ ಆದವನ ಕಣ್ಣು ತನ್ನ ಹೊಲದಲ್ಲಿ ಎರಡು ದಿನ ಮೊದಲೇ ರೋಗ ಹಿಡೀತದೆ.

ಮೂರನೆಯದು ನಂಟು. ನೀವು ಹತ್ತು ಜನಕ್ಕೆ ಹೇಳಿದ್ದರೆ, ನಿಮ್ಮ ಹೊಲದ ಮುಂದೆ ಹತ್ತು ಜನ ಗಾಡಿ ನಿಲ್ಲಿಸ್ತಾರೆ. ಕಾಲುವೆ ಕೊನೆಗೆ ನೀರು ಬಾರದಾಗ, ಕೂಲಿ ಆಳು ಸಿಗದಾಗ, ಒಳ್ಳೆ ಸಸಿ ಎಲ್ಲಿದೆ ಅಂತ ಬೇಕಾದಾಗ ಫೋನ್ ಎತ್ತೋದು ಅವರೇ.

ಎಂಥ ಮಾತು ಹೇಳಬೇಕು?

"ಸೂಪರ್ ಐತಿ ಅಣ್ಣ" ಅಂದರೆ ಆತನಿಗೆ ಖುಷಿ ಆಗ್ತದೆ, ಅಷ್ಟೇ. ಉಪಯೋಗಕ್ಕೆ ಬರೋ ಮಾತು ಹೀಗಿರಲಿ:

1. ಕಂಡದ್ದನ್ನು ಹೇಳಿ, ಊಹಿಸಿದ್ದನ್ನು ಅಲ್ಲ. "ಬಡಗಣ ಮೂಲೆಯಲ್ಲಿ ಹತ್ತು ಗಿಡ ಬಾಡ್ಯಾವ" ಅನ್ನೋದು ಮಾತು. "ನಿಂದು ವೈರಸ್" ಅನ್ನೋದು ಊಹೆ.

2. ನಿಮ್ಮ ಅನುಭವ ಹೇಳುವಾಗ ನೆಲ, ನೀರು, ತಳಿ, ನಾಟಿ ಮಾಡಿದ ದಿನ ಸೇರಿಸಿ ಹೇಳಿ. ಎರೆಯಲ್ಲಿ ಆದದ್ದು ಮಸಾರಿಯಲ್ಲಿ ಆಗದೆ ಇರಬಹುದು.

3. ಸರಿಯಾದ ಪ್ರಶ್ನೆ ಕೇಳಿ. "ಏನ್ ಹೊಡೆದ್ರಿ?" ಅನ್ನೋದಕ್ಕಿಂತ "ಯಾವಾಗ, ಯಾಕೆ ಹೊಡೆದ್ರಿ, ಎಷ್ಟು ಖರ್ಚು ಬಂತು?" ಅಂತ ಕೇಳಿದರೆ ಹೇಳುವವರಿಗೂ ಯೋಚನೆ ಬರ್ತದೆ.

4. ಯಾರಾದರೂ ಹೇಳಿದ್ದನ್ನು ಮಾಡಿ ನೋಡಿದ್ದರೆ, ಫಲಿತಾಂಶವನ್ನು ಅವರಿಗೇ ಹೋಗಿ ಹೇಳಿ. ಆಗದೆ ಇದ್ದರೆ ಖಂಡಿತ ಹೇಳಿ. ನಮ್ಮಲ್ಲಿ ಬಹಳ ಕಡಿಮೆ ಇರೋದು ಇದೇ.

5. ತಪ್ಪು ಕಂಡರೆ ನಾಲ್ಕು ಜನರ ಮುಂದೆ ಹೇಳಬೇಡಿ. ಪಕ್ಕಕ್ಕೆ ಕರೆದು ಹೇಳಿ, ಇಲ್ಲವೆ ಸಂಜೆ ಫೋನ್ ಮಾಡಿ.

6. ಔಷಧದ ಹೆಸರು, ಅಳತೆ ಬಾಯಿಮಾತಿನಲ್ಲಿ ಕೊಡಬೇಡಿ. ರೈತ ಸಂಪರ್ಕ ಕೇಂದ್ರ, ಹಗರಿಯ ಕೃಷಿ ವಿಜ್ಞಾನ ಕೇಂದ್ರ ಅಥವಾ ಸಿರುಗುಪ್ಪದ ಕೃಷಿ ಸಂಶೋಧನಾ ಕೇಂದ್ರಕ್ಕೆ ಗಿಡ ಒಯ್ದು ತೋರಿಸಲು ಹೇಳಿ. ಕಿಸಾನ್ ಕಾಲ್ ಸೆಂಟರ್ 1800-180-1551 ಕೂಡ ಇದೆ, ಕನ್ನಡದಲ್ಲೇ ಮಾತಾಡಬಹುದು.

"ನನ್ನ ಮಾತು ಯಾರು ಕೇಳ್ತಾರೆ?"

ಯುವಕರು ಇದನ್ನು ಬಹಳ ಹೇಳ್ತಾರೆ. "ಅವರು ಹಿರಿಯರು, ಮೂವತ್ತು ಎಕರೆ ಒಕ್ಕಲುತನ. ನಾವು ಮೂರೆಕರೆಯವರು. ಬಾಯಿ ಹಾಕಿದರೆ ಅಧಿಕಪ್ರಸಂಗ ಅಂತಾರೆ." ಮಾತಿನಲ್ಲಿ ಸತ್ಯ ಇದೆ. ಕೆಲವರು ಮುಖ ತಿರುಗಿಸ್ತಾರೆ ಕೂಡ. ಅದಕ್ಕೆ ಸಲಹೆ ಕೊಡೋದಕ್ಕೆ ಹೋಗಬೇಡಿ, ಕೇಳೋದರಿಂದ ಶುರು ಮಾಡಿ. "ದೊಡ್ಡಪ್ಪ, ಈ ಮೂಲ್ಯಾಗ ಎಲಿ ಹಳದಿ ಆಗ್ಯಾವಲ್ರಿ, ಯಾಕಂತೀರಿ?" ಅಂದರೆ ಯಾರಿಗೂ ಅವಮಾನ ಆಗೋದಿಲ್ಲ. ಅವರಿಗೆ ಗೊತ್ತಿದ್ದರೆ ನೀವು ಕಲಿತಿರಿ. ಗೊತ್ತಿಲ್ಲದಿದ್ದರೆ ಅವರು ಆ ಮೂಲೆಗೆ ಹೋಗಿ ನೋಡಿದರು. ಎರಡೂ ಒಳ್ಳೆಯದೇ.

ಇನ್ನೊಂದು ಮಾತು. ಯಾರೂ ಏನೂ ಹೇಳದ ಹೊಲದವನು ನಿಧಾನಕ್ಕೆ ಪ್ರಯೋಗ ಮಾಡೋದನ್ನೇ ಬಿಡ್ತಾನೆ. ಕೂರಿಗೆ ಬಿತ್ತನೆಯ ಭತ್ತ ಮಾಡಿ ನೀರು ಉಳಿಸಿದವನನ್ನು, ಮೆಣಸಿನಕಾಯಿ ಸುತ್ತ ಎರಡು ಸಾಲು ಜೋಳ ಹಾಕಿದವನನ್ನು ಒಬ್ಬರಾದರೂ "ಹೆಂಗಾತು?" ಅಂತ ಕೇಳಿದ್ದರೆ ಮುಂದಿನ ವರ್ಷವೂ ಮಾಡ್ತಿದ್ದ. ಕೇಳದಿದ್ದರೆ, "ನನಗ್ಯಾಕ ಬೇಕು" ಅಂತ ಹಳೆಯ ದಾರಿಗೇ ಬರ್ತಾನೆ. ಅವನ ಜೊತೆ ನಮ್ಮೆಲ್ಲರ ಕಲಿಕೆಯೂ ನಿಲ್ತದೆ.

ಗೊಬ್ಬರದ ಅಂಗಡಿಯವನು ನಿಮ್ಮ ಜೊತೆ ಮಾತಾಡೋಕೆ ದಿನಾ ತಯಾರಿರ್ತಾನೆ, ಯಾಕಂದರೆ ಅವನಿಗೆ ಮಾರೋದಿದೆ. ಮಾರೋದು ಏನೂ ಇಲ್ಲದವರು ಅಂದರೆ ನಾವು ನಾವೇ. ನಾವೇ ಮಾತಾಡದಿದ್ದರೆ ಹೊಲದ ತೀರ್ಮಾನ ಎಲ್ಲ ಅಂಗಡಿಯಲ್ಲೇ ಆಗ್ತದೆ.

ಈ ವಾರ ಒಂದು ಕೆಲಸ ಮಾಡಿ. ನಿಮ್ಮ ದಾರಿಯಲ್ಲಿ ಬರುವ ಮೂರು ಹೊಲಗಳ ಮುಂದೆ ಗಾಡಿ ನಿಲ್ಲಿಸಿ. ಒಬ್ಬರಿಗೆ ಕಂಡದ್ದು ಹೇಳಿ, ಒಬ್ಬರಿಗೆ ಪ್ರಶ್ನೆ ಕೇಳಿ. ಮೂರನೆಯವರಿಗೆ, ಹೋದ ವರ್ಷ ಅವರು ಹೇಳಿದ್ದನ್ನು ಮಾಡಿದ್ದರಿಂದ ಏನಾಯ್ತು ಅಂತ ತಿಳಿಸಿ ಬನ್ನಿ.